ಅಜೆಂಡಾದಲ್ಲಿಲ್ಲದ ಕಾಲುದಾರಿ

ನಾನು ಪಾಠ ಹೇಳುವ ವಿಷಯ ರಾಜಕೀಯ ಸಮಾಜಶಾಸ್ತ್ರ. ಧಾರವಾಡಕ್ಕೆ ಹೋದಾಗಲೆಲ್ಲ ನನ್ನ ಸೋದರತ್ತೆ, "ಹಂಗಂದ್ರ ನೀ ಇಲೆಕ್ಷನ್‌ಗೆ ನಿಂದರ್ತೀ ಏನವಾ?" ಎಂದು ಕೇಳುತ್ತಾಳೆ. ಅಲ್ಲ, ಒಂದು ಸಮಾಜದಲ್ಲಿ ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ, ಯಾಕೆ ಎಂದು ತಿಳಿದುಕೊಳ್ಳುವ ಶಾಸ್ತ್ರ ಅದು ಎಂದು ನಾನು ವಿವರಿಸುತ್ತೇನೆ. "ಅದಕ್ಕ ಪುಸ್ತಕ ಯಾಕ ಬೇಕು? ನಮ್ಮ ಮನ್ಯಾಗ ಒಂದ್ ವಾರ ಇದ್ರ ತಿಳೀತದ" ಎಂದು ಅವಳು ಮಾತು ಮುಗಿಸುತ್ತಾಳೆ.

ನ್ಯೂಜೆರ್ಸಿಯಲ್ಲಿ, ಊರಿನವರು ಯಾರು ಬೇಕಾದರೂ ಸೇರಬಹುದಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಇದನ್ನೇ ಕಲಿಸುತ್ತಿದ್ದೇನೆ. ಪ್ರತಿ ಸೆಮಿಸ್ಟರ್‌ನಲ್ಲೂ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ: ನಿಮ್ಮ ಊರಿನ ಯಾವುದಾದರೂ ಸಭೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತುಕೊಳ್ಳಿ, ಯಾರು ಮಾತಾಡಿದರು, ಯಾರು ತೀರ್ಮಾನಿಸಿದರು ಎಂದು ಬರೆದುಕೊಂಡು ಬನ್ನಿ. ಅವರು ಹೋಗುತ್ತಾರೆ, ಬರೆಯುತ್ತಾರೆ, ನಾನು ಮಾರ್ಕ್ಸ್ ಹಾಕುತ್ತೇನೆ. ಆದರೆ ಮಾನ್ಮತ್ ಜಂಕ್ಷನ್ನಿನಲ್ಲಿ ನಾವಿರುವ ಟೌನ್‌ಹೌಸ್ ಸಾಲುಮನೆಗಳ ಅಸೋಸಿಯೇಷನ್ ಸಭೆಗೆ ನಾನು ಒಂದು ಸಲವೂ ಹೋಗಿರಲಿಲ್ಲ. ತಿಂಗಳಿಗೊಮ್ಮೆ ನೋಟೀಸು ಬರುತ್ತಿತ್ತು. ಬಿಚ್ಚದೆ ರೀಸೈಕ್ಲಿಂಗ್ ಡಬ್ಬಿಗೆ ಹಾಕುತ್ತಿದ್ದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾಲ್ಕು ಮನೆ ಆಚೆಯ ಆಂಟಿ ಬಂದು ಬೆಲ್ ಒತ್ತಿದರು. ಅವರು ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನದವರು. ನರ್ಸಾಗಿ ಈ ದೇಶಕ್ಕೆ ಬಂದು ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೂ ಮಗಳ ಮನೆಗೆ ಹೋಗಲು ಒಪ್ಪದೆ ಇಲ್ಲೇ ಉಳಿದಿದ್ದರು. ಇನ್ನು ಕಾರು ಓಡಿಸುವುದು ಬೇಡ ಎಂದು ಕಣ್ಣಿನ ಡಾಕ್ಟರು ಹಿಂದಿನ ವರ್ಷ ಹೇಳಿದ ದಿನವೇ ಕೀಲಿಯನ್ನು ಎಡಿಸನ್ನಿನಲ್ಲಿರುವ ಮಗಳ ಕೈಗಿಟ್ಟು, ಮರುದಿನದಿಂದ ಬಸ್ಸು ಹಿಡಿದಿದ್ದರು. ವಾರಕ್ಕೆ ಮೂರು ದಿನ ಲೈಬ್ರರಿಗೆ ಹೋಗಿ, ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು.

"ದಾರಿ ಮುಚ್ಚಿದ್ರು ಮಾರಾಯ್ತಿ," ಎಂದರು ಬಾಗಿಲಲ್ಲೇ ನಿಂತು.

"ಯಾವ ದಾರಿ ಆಂಟಿ?"

"ಇಷ್ಟು ವರ್ಷದಿಂದ ಇಲ್ಲಿ ಇದ್ದಿ, ಹಿಂದೆ ಒಂದು ದಾರಿ ಉಂಟು ಅಂತ ಗೊತ್ತಿಲ್ವಾ ನಿಂಗೆ? ಬಾ, ತೋರಿಸ್ತೇನೆ."

ಕೋಟು ಹಾಕಿಕೊಂಡು ಅವರ ಹಿಂದೆ ಹೋದೆ. ನಮ್ಮ ಕಾಲೊನಿಯ ಕೊನೆಯ ಸಾಲಿನ ಹಿಂದೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಪೈನ್ ಮರಗಳು. ಮರಗಳ ನಡುವೆ ಹುಲ್ಲು ಸವೆದು ಒಬ್ಬರು ನಡೆಯುವಷ್ಟು ಅಗಲದ ಜಾಡು ಬಿದ್ದಿತ್ತು. ಅದನ್ನು ಯಾರೂ ಮಾಡಿದ್ದಲ್ಲ. ಜನ ನಡೆದು ನಡೆದು ಆದದ್ದು. ದಿಬ್ಬದ ಆಚೆಗೆ ದೊಡ್ಡ ರಸ್ತೆ, ಬಸ್‌ಸ್ಟಾಪು, ಇಂಡಿಯನ್ ಗ್ರೋಸರಿ, ಔಷಧಿ ಅಂಗಡಿ. ಆಂಟಿಯ ಲೆಕ್ಕದಲ್ಲಿ ಕೊನೆಯ ಮನೆಯಿಂದ ಬಸ್‌ಸ್ಟಾಪಿಗೆ ಅರವತ್ತು ಹೆಜ್ಜೆ. ಈಗ ಆ ಜಾಡಿಗೆ ಅಡ್ಡಲಾಗಿ ಎದೆ ಮಟ್ಟದ ಹೊಸ ತಂತಿ ಬೇಲಿ ನಿಂತಿತ್ತು. ಪ್ರವೇಶವಿಲ್ಲ ಎಂಬ ಬೋರ್ಡು ಇನ್ನೂ ಫಳಫಳ ಹೊಳೆಯುತ್ತಿತ್ತು.

ಆ ಜಾಡು ಬಿಟ್ಟರೆ ಉಳಿದದ್ದು ಮುಂದಿನ ಗೇಟಿನಿಂದ ಸುತ್ತಿ ಬರುವ ದಾರಿ. ಒಂದು ಮೈಲಿಗೂ ಹೆಚ್ಚು ದೂರ. ಅಲ್ಲಿ ಫುಟ್‌ಪಾತೂ ಇಲ್ಲ. ಕಾರುಗಳು ಮೈಗೆ ತಾಗುವಂತೆ ಹೋಗುತ್ತವೆ.

"ನೀನು ಪವರ್ ಬಗ್ಗೆ ಪಾಠ ಮಾಡುವವಳಲ್ವಾ? ಎಂತಾದ್ರೂ ಮಾಡು," ಎಂದರು ಆಂಟಿ.

ನಾನು ಮಾಡಿದ್ದು ಅಸೋಸಿಯೇಷನ್ನಿಗೆ ಪತ್ರ ಬರೆಯುವ ಕೆಲಸ. ಎರಡು ಪುಟದ ಇಂಗ್ಲಿಷ್ ಪತ್ರ. ಸಾರ್ವಜನಿಕ ಹಿತ, ಸಮಾನ ಅವಕಾಶ, ನಡೆಯುವವರ ಹಕ್ಕು, ಎಲ್ಲವೂ ಅದರಲ್ಲಿತ್ತು. ಬರೆದು ಮುಗಿಸಿ ಗಂಡನಿಗೆ ಓದಿ ಹೇಳಿದೆ. "ಭಾಳ ಛಲೋ ಆಗೇದ," ಎಂದ. ಎಂಟು ದಿನದ ಮೇಲೆ ಅಸೋಸಿಯೇಷನ್ನಿನ ಕೆಲಸ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯಿಂದ ಉತ್ತರ ಬಂತು. ಅಸೋಸಿಯೇಷನ್ ಬೋರ್ಡಿನ ತೀರ್ಮಾನ ಅಂತಿಮ, ನೀವು ನಮ್ಮ ಅಮೂಲ್ಯ ನಿವಾಸಿ, ಧನ್ಯವಾದ. ಅಷ್ಟೇ.

ಅದನ್ನು ಆಂಟಿಗೆ ತೋರಿಸಿದಾಗ ಅವರು ಮನಸಾರೆ ನಕ್ಕರು. "ಆಸ್ಪತ್ರೆಯಲ್ಲಿ ಒಂದು ಬೆಡ್ ಬೇಕಾದ್ರೆ ದೊಡ್ಡ ಡಾಕ್ಟರಿಗೆ ಪತ್ರ ಬರೀತಾರಾ? ವಾರ್ಡಿಗೆ ಹೋಗಿ ನಿಲ್ಬೇಕು. ಯಾರು ಬರೀತಾರೆ, ಯಾರು ಕೀಲಿ ಇಟ್ಕೊಂಡಿದ್ದಾರೆ, ಅದನ್ನು ನೋಡ್ಬೇಕು. ಮೀಟಿಂಗ್ ಯಾವಾಗ ಉಂಟು?"

ರೀಸೈಕ್ಲಿಂಗ್ ಡಬ್ಬಿಯಲ್ಲಿ ಕೈಯಾಡಿಸಿ ನೋಟೀಸು ಹುಡುಕಿ ತೆಗೆದೆ. ಎರಡನೆಯ ಮಂಗಳವಾರ, ಸಂಜೆ ಏಳಕ್ಕೆ, ಕ್ಲಬ್‌ಹೌಸಿನಲ್ಲಿ.

ಏಪ್ರಿಲ್ಲಿನ ಆ ಸಭೆಯಲ್ಲಿ ಬೋರ್ಡಿನ ನಾಲ್ವರು ಒಂದು ಮೇಜಿನ ಹಿಂದೆ ಕುಳಿತಿದ್ದರು. ಐದನೆಯ ಕುರ್ಚಿ ಖಾಲಿ. ಎದುರಿಗೆ ನಲವತ್ತು ಕುರ್ಚಿ ಹಾಕಿದ್ದರು, ಕುಳಿತಿದ್ದವರು ನಾವಿಬ್ಬರೇ. ಅಧ್ಯಕ್ಷರು ಬೆಂಗಳೂರಿನವರು. ಯಾವುದೋ ಇನ್ಶೂರೆನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ, ಮೆಲುದನಿಯ ಮನುಷ್ಯ. ಒಂಬತ್ತು ವರ್ಷದಿಂದ ಅವರೇ ಅಧ್ಯಕ್ಷರಂತೆ. ನನಗೆ ಅವರ ಮುಖಪರಿಚಯವಿತ್ತು. ಯುಗಾದಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿರುತ್ತಿದ್ದರು. ನನ್ನ ಕಲ್ಪನೆಯಲ್ಲಿ ಬೇಲಿ ಹಾಕಿಸಿದವನಿಗೆ ಬೇರೆಯದೇ ಮುಖವಿತ್ತು.

ನಿವಾಸಿಗಳು ಮಾತಾಡುವುದು ಸಭೆಯ ಕೊನೆಗೆ, ತಲಾ ಮೂರು ನಿಮಿಷ. ನಾನು ಎದ್ದು ನಿಂತು ಪತ್ರದಲ್ಲಿದ್ದುದನ್ನೆಲ್ಲ ಮತ್ತೆ ಹೇಳತೊಡಗಿದೆ. ಪೀಠಿಕೆ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿದರು.

"ಸಾರಿ ಮೇಡಂ, ಟೈಮ್ ಆಯ್ತು. ಆ್ಯಂಡ್ ಈ ವಿಷಯ ಇವತ್ತಿನ ಅಜೆಂಡಾದಲ್ಲಿಲ್ಲ. ಸೋ ನಾವು ಡಿಸ್ಕಸ್ ಮಾಡೋಕೂ ಆಗಲ್ಲ."

ನಾನು ಕುಳಿತೆ. ಒಂದು ಮಾತು ಗೆಲ್ಲುವುದೋ ಸೋಲುವುದೋ ಆಮೇಲಿನ ವಿಚಾರ, ಆ ಮಾತು ಚರ್ಚೆಗೇ ಬಾರದಂತೆ ನೋಡಿಕೊಳ್ಳುವುದರಲ್ಲಿ ದೊಡ್ಡ ಅಧಿಕಾರವಿದೆ ಎಂದು ನಾನು ಪ್ರತಿ ವರ್ಷ ಕ್ಲಾಸಿನ ಕರಿಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ಅದು ನನಗೇ ಆದಾಗ ಗುರುತು ಹಿಡಿಯಲು ಅರ್ಧ ನಿಮಿಷ ಬೇಕಾಯಿತು.

ಆಂಟಿ ಎದ್ದರು. ಅವರಿಗೆ ಮೂರು ನಿಮಿಷ ಬೇಕಾಗಲಿಲ್ಲ. "ಅಜೆಂಡಾಕ್ಕೆ ಸೇರಿಸ್ಲಿಕ್ಕೆ ಎಂತ ಮಾಡ್ಬೇಕು? ಅಷ್ಟು ಹೇಳಿ, ಸಾಕು."

ಕಾರ್ಯದರ್ಶಿ ನಿಯಮದ ಪುಸ್ತಕ ತಿರುವಿ ಹಾಕಿ, ಮೂವತ್ತು ಮನೆಗಳ ಮಾಲೀಕರ ಸಹಿ ಬೇಕು ಎಂದರು. "ಥ್ಯಾಂಕ್ಸ್," ಎಂದು ಆಂಟಿ ಕೈಚೀಲ ಎತ್ತಿಕೊಂಡರು. ಹೊರಗೆ ಬಂದ ಮೇಲೆ, "ನೋಡಿದ್ಯಾ, ಕೀಲಿ ಎಲ್ಲಿ ಉಂಟು ಅಂತ ಸಿಕ್ಕಿತು," ಎಂದರು.

ಸಹಿ ಕೇಳಲು ಹೊರಟಾಗ ತೊಡಕು ಗೊತ್ತಾಯಿತು. ಆಂಟಿಯನ್ನು ಬಿಟ್ಟರೆ ಆ ದಾರಿಯಲ್ಲಿ ನಡೆಯುವವರು ಯಾರೂ ಮನೆಯ ಮಾಲೀಕರಲ್ಲ. ಆರು ತಿಂಗಳಿಗೆಂದು ಊರಿಂದ ಬಂದ ಅಪ್ಪ ಅಮ್ಮಂದಿರು, ಮನೆ ಕ್ಲೀನ್ ಮಾಡಲು ಬಸ್ಸಿನಲ್ಲಿ ಬರುವ ಹೆಂಗಸರು, ಬಾಡಿಗೆಗಿರುವವರು. ಮಾಲೀಕರೆಲ್ಲ ಗ್ಯಾರೇಜಿನಿಂದ ಕಾರಿನಲ್ಲಿ ಹೊರಟು ಗ್ಯಾರೇಜಿಗೇ ಮರಳುವವರು. ನನ್ನ ಹಾಗೆ ಅವರಿಗೂ ಅಲ್ಲೊಂದು ದಾರಿ ಇರುವುದೇ ತಿಳಿದಿರಲಿಲ್ಲ.

ಬೇಲಿಯ ಹತ್ತಿರವೇ ಒಬ್ಬಳು ಸಿಕ್ಕಳು. ಮೈಸೂರಿನ ಮುಸ್ಲಿಂ ಹುಡುಗಿ, ಮುಂದೆ ತಳ್ಳುತ್ತಿದ್ದ ಸ್ಟ್ರೋಲರಿನಲ್ಲಿ ವರ್ಷದ ಮಗು. ಗಂಡ ಸಾಫ್ಟ್‌ವೇರ್ ಕೆಲಸದಲ್ಲಿದ್ದ, ಇವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಡ್ರೈವಿಂಗ್ ಲೈಸೆನ್ಸ್ ಇನ್ನೂ ಆಗಿರಲಿಲ್ಲ. ಮೊದಲೆಲ್ಲ ಈ ದಾರಿಯಲ್ಲಿ ಬಸ್ಸಿಗೆ ಹೋಗಿ, ಆಂಟಿ ಕಲಿಸುವ ಲೈಬ್ರರಿಯಲ್ಲೇ ಮಗುವಿಗೆ ಕತೆ ಹೇಳಿಸಿಕೊಂಡು ಬರುತ್ತಿದ್ದಳಂತೆ.

"ನಾವು ಬಾಡಿಗೆಗೆ ಇರೋದು ಅಕ್ಕಾ, ನನ್ನ ಸೈನ್ ನಡಿಯಲ್ಲ," ಎಂದಳು. "ಆದ್ರೆ ಒಂದ್ ಕೆಲಸ ಮಾಡಿದೀನಿ. ನೋಡ್ತೀರಾ?"

ಸ್ಟ್ರೋಲರಿನ ಕೆಳಗಿನ ಬುಟ್ಟಿಯಿಂದ ಒಂದು ನೋಟುಪುಸ್ತಕ ತೆಗೆದಳು. ಅವಳ ಅಡುಗೆಮನೆಯ ಕಿಟಕಿ ನೇರ ಬೇಲಿಗೆ ಕಾಣುತ್ತಿತ್ತು. ಒಂದು ವಾರ ಆ ಕಿಟಕಿಯಿಂದ ನೋಡುತ್ತಾ, ಬೇಲಿಯ ತನಕ ಬಂದವರನ್ನೆಲ್ಲ ಬರೆದಿಟ್ಟಿದ್ದಳು. ಯಾವ ಹೊತ್ತು, ಗಂಡಸೋ ಹೆಂಗಸೋ, ಕೈಯಲ್ಲಿ ಏನಿತ್ತು. ಒಬ್ಬರು ಕೋಲು ಹಿಡಿದು ಬಂದಿದ್ದರು. ಇಬ್ಬರು ಹೆಂಗಸರು ವ್ಯಾಕ್ಯೂಮ್ ಕ್ಲೀನರನ್ನು ಬೇಲಿಯ ಮೇಲಿಂದ ದಾಟಿಸಿ ತಾವೂ ಹತ್ತಿ ಇಳಿದಿದ್ದರು. ಒಬ್ಬ ಅಜ್ಜ ನಾಲ್ಕು ದಿನ ಬಂದು ಬೋರ್ಡು ಓದಿ ಮರಳಿದ್ದರು, ಐದನೆಯ ದಿನ ಬಂದಿರಲಿಲ್ಲ. ನಾನು ವಿದ್ಯಾರ್ಥಿಗಳಿಂದ ಹದಿನೈದು ವಾರಗಳಲ್ಲಿ ಮಾಡಿಸಲಾಗದ ಕೆಲಸವನ್ನು ಇವಳು ಮಗುವಿಗೆ ಊಟ ಮಾಡಿಸುತ್ತಾ ಮಾಡಿ ಮುಗಿಸಿದ್ದಳು.

"ಇದನ್ನ ಯಾರು ಹೇಳಿಕೊಟ್ಟರು ನಿನಗ?" ಎಂದೆ.

"ಯಾರೂ ಇಲ್ಲ ಅಕ್ಕಾ. ಹೊರಗೆ ಹೋಗೋಕಾಗ್ತಿರಲಿಲ್ವಲ್ಲ, ಬೋರ್ ಆಗ್ತಿತ್ತು."

ಆ ನೋಟುಪುಸ್ತಕ ಹಿಡಿದು ನಾನೂ ಆಂಟಿಯೂ ಸಂಜೆಗಳಲ್ಲಿ ಮನೆ ಮನೆಗೆ ಹೋದೆವು. ಮೊದಲ ಎರಡು ಮನೆಗಳಲ್ಲಿ ನಾನೇ ಮಾತಾಡಿದೆ. ಬಾಗಿಲು ತೆರೆದವರು ಫೋನು ನೋಡುತ್ತಾ ತಲೆಯಾಡಿಸಿ, ಯೋಚಿಸಿ ಹೇಳುತ್ತೇವೆ ಎಂದರು. ಮೂರನೆಯ ಮನೆಗೆ ಹೋಗುವಾಗ ಆಂಟಿ ನನ್ನ ಮೊಣಕೈ ಹಿಡಿದು, "ನೀನು ಸ್ವಲ್ಪ ಸುಮ್ನೆ ನಿಲ್ಲು," ಎಂದರು.

ಬಾಗಿಲು ತೆರೆದವನು ಆಗತಾನೇ ಕೆಲಸದಿಂದ ಬಂದಿದ್ದ. ಕೊರಳಲ್ಲಿ ಇನ್ನೂ ಆಫೀಸಿನ ಬ್ಯಾಡ್ಜಿತ್ತು. ಒಳಗಿಂದ ಒಂದು ಮಗು, "ಹೂ ಈಸ್ ಇಟ್, ಡ್ಯಾಡ್?" ಎಂದು ಕೂಗಿತು.

"ನಿಮ್ಮ ಅಮ್ಮ ಊರಿಂದ ಬಂದಿದ್ದಾರಲ್ವಾ?" ಎಂದು ಆಂಟಿ ಕೇಳಿದರು. "ಸಂಜೆ ವಾಕಿಂಗಿಗೆ ಎಲ್ಲಿಗೆ ಹೋಗ್ತಾರೆ?"

"ಗೊತ್ತಿಲ್ಲ ಆಂಟಿ. ಇಲ್ಲೇ ಒಳಗೇ ರೌಂಡ್ ಹಾಕ್ತಾರೆ ಅನ್ಸುತ್ತೆ. ಅಮ್ಮಾ, ಒಂದ್ನಿಮಿಷ ಬಾ."

ಸ್ವೆಟರ್ ಮೇಲೆ ಸೆರಗು ಹೊದ್ದ ಅವನ ಅಮ್ಮ ಬಂದರು. ಆಂಟಿ ಬೇಲಿಯ ಮಾತೆತ್ತಿದ್ದೇ ತಡ, ಅವರ ಮುಖ ಅರಳಿತು. "ಅಯ್ಯೋ, ಆ ಬೇಲಿನಾ! ದಿನಾ ಆ ಕಡೆ ಹೋಗಿ ಅಂಗಡೀಲಿ ಕೊತ್ತಂಬರಿ ಸೊಪ್ಪು ತರ್ತಿದ್ದೆ. ಅಲ್ಲಿ ತೆಲುಗಿನವರೊಬ್ಬರು ಸಿಗೋರು, ಇಬ್ರೂ ಬಸ್‌ಸ್ಟಾಪಿನ ಬೆಂಚಲ್ಲಿ ಕೂತು ಮಾತಾಡ್ತಿದ್ವಿ. ಬೇಲಿ ಹಾಕಿದ್ಮೇಲೆ ನಾನು ಹೊರಗೇ ಹೋಗಿಲ್ಲ."

ಮಗ ಅಮ್ಮನನ್ನೇ ನೋಡುತ್ತಿದ್ದ. "ನನಗೆ ಹೇಳಲೇ ಇಲ್ವಲ್ಲಮ್ಮ. ಸೊಪ್ಪು ಇವಳು ತರ್ತಾಳೆ ಅಂದ್ಕೊಂಡಿದ್ದೆ."

"ನೀನು ಎಷ್ಟು ಅಂತ ಕೇಳ್ತೀಯಪ್ಪ. ಪಾಪ, ನಿನಗೂ ಕೆಲಸ."

ಅವನು ಬಾಗಿಲ ಚೌಕಟ್ಟಿಗೇ ಹಾಳೆಯನ್ನು ಒತ್ತಿ ಹಿಡಿದು ಸಹಿ ಹಾಕಿದ. ಪಕ್ಕದ ಮನೆಯವರಿಗೆ ತಾನೇ ಹೇಳುತ್ತೇನೆ ಎಂದ. ಹಾಗೆ ಮೂರು ವಾರಗಳಲ್ಲಿ ಐವತ್ತೆರಡು ಸಹಿಗಳಾದವು. ಹೆಚ್ಚಿನ ಮನೆಗಳಲ್ಲಿ ನಡೆದದ್ದು ಇದೇ. ಆಂಟಿ ವಾದ ಮಾಡುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಕಾರು ಓಡಿಸದವರು ಯಾರು ಎಂದು ಕೇಳಿ, ಅವರನ್ನೇ ಬಾಗಿಲಿಗೆ ಕರೆಸುತ್ತಿದ್ದರು.

ಜೂನ್ ತಿಂಗಳ ಸಭೆಗೆ ನಲವತ್ತು ಕುರ್ಚಿ ಸಾಲಲಿಲ್ಲ. ಅಜ್ಜಂದಿರು, ಅಜ್ಜಿಯರು, ಮಕ್ಕಳು ಗೋಡೆಗೊರಗಿ ನಿಂತರು. ಅಜೆಂಡಾದ ಎರಡನೆಯ ಸಾಲಿನಲ್ಲೇ 'ಹಿಂಬದಿಯ ಕಾಲುದಾರಿ' ಎಂದು ಅಚ್ಚಾಗಿತ್ತು. ಮೈಸೂರಿನ ಹುಡುಗಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತನ್ನ ನೋಟುಪುಸ್ತಕವನ್ನು ಓದಿದಳು. ಮೂರು ನಿಮಿಷಕ್ಕೆ ಸರಿಯಾಗಿ ನಿಲ್ಲಿಸಿದಳು.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಇಂಗ್ಲಿಷಿನಲ್ಲಿ ಎಲ್ಲರಿಗೂ ವಿಷಯ ಹೇಳಿದರು. ಜನವರಿಯಲ್ಲಿ ಐಸ್ ಮೇಲೆ ಒಬ್ಬರು ಆ ದಿಬ್ಬದಲ್ಲಿ ಜಾರಿ ಬಿದ್ದಿದ್ದರು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಆದರೆ ವಿಮೆಯವರು, ದಾರಿ ಸರಿ ಮಾಡಿ ಇಲ್ಲವೇ ಮುಚ್ಚಿ ಎಂದು ಪತ್ರ ಬರೆದಿದ್ದರು. ಆಮೇಲೆ ಅವರು ಆಂಟಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದು ನಮ್ಮಲ್ಲಿ ಕೆಲವರಿಗೆ ಮಾತ್ರ ತಿಳಿಯಿತು.

"ಆಂಟಿ, ಯಾರಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ನಾನೇ ಉತ್ತರ ಕೊಡ್ಬೇಕು. ಫೆಬ್ರವರಿ ಮೀಟಿಂಗಲ್ಲಿ ಈ ಲೆಟರ್ ಓದಿದೆ, ಕೇಳೋಕೆ ಒಬ್ಬರೂ ಬಂದಿರಲಿಲ್ಲ. ಒಂಬತ್ತು ವರ್ಷದಿಂದ ನನಗೆ ಬರೋ ಫೋನೆಲ್ಲ ಕಸದ ಡಬ್ಬಿ ಬಗ್ಗೆ. ನಾನೂ ಸುಸ್ತಾಗಿದೀನಿ."

ಆಂಟಿಯ ದನಿ ಮೆತ್ತಗಾಯಿತು. "ಮೊದ್ಲೇ ಹೇಳ್ಬಾರ್ದಿತ್ತಾ ಮಗಾ? ಸೊಂಟ ಮುರಿದವರನ್ನು ನಾನು ಎಷ್ಟು ನೋಡಿದ್ದೇನೆ. ನೀವು ಹೆದರಿದ್ದು ತಪ್ಪಲ್ಲ. ಮೆಟ್ಟಿಲು ಮಾಡುವ, ಹಿಡ್ಕೊಳ್ಲಿಕ್ಕೆ ಒಂದು ಕಂಬಿ ಹಾಕುವ, ಸ್ಟ್ರೋಲರಿಗೆ ಪಕ್ಕದಲ್ಲಿ ಇಳಿಜಾರು. ಐಸ್ ಬಿದ್ದ ದಿನ ಉಪ್ಪು ಹಾಕ್ಲಿಕ್ಕೆ ನಾವೇ ಪಾಳಿ ಹಾಕಿಕೊಳ್ಳುವ."

ಆಂಟಿ ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದರು. ಕೈ ಎತ್ತಿ ಮತ ಹಾಕಿದಾಗ ಬೋರ್ಡಿನ ನಾಲ್ವರ ಕೈಗಳೂ ಮೇಲಿದ್ದವು. ಜನವರಿಯಲ್ಲಿ ಬಿದ್ದದ್ದು ತಾವೇ ಎಂದು ಗೋಡೆಗೊರಗಿದ್ದ ಅಜ್ಜನೊಬ್ಬರು ಆಗ ನಾಚಿಕೆಯಿಂದ ಒಪ್ಪಿಕೊಂಡರು. ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು.

ಸಭೆ ಮುಗಿದ ಮೇಲೆ ಅವರು ನನ್ನ ಬಳಿ ಬಂದು ಖಾಲಿ ಕುರ್ಚಿ ತೋರಿಸಿದರು. "ಮೇಡಂ, ಎರಡು ವರ್ಷದಿಂದ ಯಾರೂ ಬರ್ತಿಲ್ಲ. ನೀವು ಬರ್ತೀರಾ?"

ನಾನು ಕ್ಲಾಸು, ಮನೆ, ಪರೀಕ್ಷೆ ಎಂದು ಏನೇನೋ ಹೇಳತೊಡಗಿದೆ. ಆಂಟಿ ಕೆಮ್ಮಿದರು. ಒಪ್ಪಿಕೊಂಡೆ.

ಕುರ್ಚಿ ಬದಲಾದರೆ ನಾಲಿಗೆಯೂ ಬದಲಾಗುತ್ತದೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಆಗಸ್ಟಿನ ಸಭೆಯಲ್ಲಿ, ನಿವೃತ್ತ ಬಸ್ ಡ್ರೈವರ್ ಒಬ್ಬರು ಎದ್ದು ನಿಂತರು. ಇದೇ ಕಾಲೊನಿಯಲ್ಲಿ ಮೊದಲಿನಿಂದ ಇರುವ ಅಮೆರಿಕನ್ ಮುದುಕ. ಹೆಂಡತಿ ಹೋದ ಮೇಲೆ ಅವಳು ಬೆಳೆಸುತ್ತಿದ್ದ ಟೊಮೆಟೊ ಗಿಡಗಳನ್ನು ಮನೆಯ ಮುಂದೆ ಹಾಕಿದ್ದೇನೆ, ಮುಂದೆ ತರಕಾರಿ ಬೆಳೆಯುವಂತಿಲ್ಲ, ಅವನ್ನು ಕೀಳಿ ಎಂದು ಅಸೋಸಿಯೇಷನ್ನಿನಿಂದ ನೋಟೀಸು ಬಂದಿದೆ ಎಂದರು. ಅಂದು ನಮಗೆ ಬೇರೆ ಕೆಲಸ ಬಹಳವಿತ್ತು, ನನಗೆ ಹಸಿವೂ ಆಗಿತ್ತು. ಅದು ಇವತ್ತಿನ ಅಜೆಂಡಾದಲ್ಲಿಲ್ಲ ಎಂದು ನನ್ನ ಬಾಯಿಂದಲೇ ಬಂತು. ಹೇಳಿದ ಮೇಲೆ ಅಧ್ಯಕ್ಷರತ್ತ ನೋಡಿದೆ. ಅವರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳದ ಜೊತೆ ಆಡುತ್ತಿದ್ದರು, ತುಟಿಯ ಅಂಚಿನಲ್ಲಿ ನಗುವಿತ್ತು.

ಮರುದಿನ ಬೆಳಿಗ್ಗೆ ಮುದುಕರ ಮನೆಗೆ ಹೋದೆ. ಅರ್ಧ ಗಂಟೆ ಅವರ ಟೊಮೆಟೊ ಗಿಡಗಳ ಮುಂದೆ ನಿಂತು, ಯಾವ ಗಿಡ ಯಾವ ಬೀಜದ್ದು ಎಂದು ಕೇಳಿಸಿಕೊಂಡೆ. ಬರುವಾಗ ಚೀಲದ ತುಂಬ ಹಣ್ಣು ಕೊಟ್ಟರು. ಲಂಚ ಎನ್ನಿಸಿಕೊಳ್ಳಬಾರದೆಂದು ಬೇಡ ಎಂದೆ. ಅವರು ಬಿಡಲಿಲ್ಲ. ಸೆಪ್ಟೆಂಬರಿನ ಅಜೆಂಡಾದಲ್ಲಿ ಅವರ ಗಿಡಗಳ ವಿಷಯ ಬಂತು, ಹಣ್ಣು ಮುಗಿಯುವ ತನಕ ಇರಲಿ ಎಂದು ತೀರ್ಮಾನವಾಯಿತು. ಆ ಟೊಮೆಟೊಗಳಿಂದ ಮಾಡಿದ ಸಾರಿನಲ್ಲಿ ಒಂದು ಡಬ್ಬಿ ಅಧ್ಯಕ್ಷರ ಮನೆಗೂ ಹೋಯಿತು.

ಮೈಸೂರಿನ ಹುಡುಗಿ ಆ ಶರತ್ಕಾಲದಲ್ಲಿ ನನ್ನ ಕ್ಲಾಸಿಗೇ ಸೇರಿದಳು. ಗಂಡ ಮನೆಯಿಂದ ಕೆಲಸ ಮಾಡುವ ದಿನಗಳಂದು ಮಗುವನ್ನು ಅವನ ಬಳಿ ಬಿಟ್ಟು, ದಿಬ್ಬದ ಹೊಸ ಮೆಟ್ಟಿಲು ಇಳಿದು ಬಸ್ಸು ಹಿಡಿದು ಬರುತ್ತಿದ್ದಳು. ಎರಡನೆಯ ಸಾಲಿನಲ್ಲಿ ಕುಳಿತು, ನನ್ನ ಮಾತು ಮುಗಿಯುವ ಮೊದಲೇ ಕೈ ಎತ್ತುತ್ತಿದ್ದಳು. ಅಧಿಕಾರ ಮೇಲಿನಿಂದ ಕೆಳಗೆ ಹರಿಯುತ್ತದೆ ಎಂದು ಪುಸ್ತಕದಲ್ಲಿದ್ದ ಕಡೆ, "ಬಟ್ ಪ್ರೊಫೆಸರ್, ಮೇಲಿರೋರಿಗೇ ಭಯ ಇದ್ರೆ?" ಎಂದು ಕೇಳಿದಳು. ಅವತ್ತು ನಾವು ಆ ಪುಟ ದಾಟಲಿಲ್ಲ.

ನವೆಂಬರಿನ ಒಂದು ಭಾನುವಾರ, ಆಂಟಿಗೆ ಎಪ್ಪತ್ತೈದು ತುಂಬಿದ ದಿನ, ಏನು ಬೇಕು ಎಂದು ಕೇಳಿದೆವು. ಚರ್ಚು ಬೆಳಿಗ್ಗೆಯೇ ಆಯಿತು, ಈಗ ಬ್ರಿಡ್ಜ್‌ವಾಟರಿನ ದೇವಸ್ಥಾನದ ಕ್ಯಾಂಟೀನಿನ ದೋಸೆ ಬೇಕು ಎಂದರು. ಅಧ್ಯಕ್ಷರೇ ಡ್ರೈವ್ ಮಾಡಿದರು. ಹಿಂದಿನ ಸೀಟಿನಲ್ಲಿ ನಾನು, ಹುಡುಗಿ, ನಡುವೆ ಕಾರ್‌ಸೀಟಿನಲ್ಲಿ ಮಗು. ಕ್ಯಾಂಟೀನಿನಲ್ಲಿ ಸಾಲು ಉದ್ದವಿತ್ತು. ಆಂಟಿಯನ್ನು ಕೂರಿಸಿ ನಾವು ನಿಲ್ಲುತ್ತೇವೆ ಎಂದರೆ ಕೇಳಲಿಲ್ಲ, ಸಾಲಿನಲ್ಲಿ ತಾವೇ ನಿಂತು, ಮುಂದಿದ್ದ ಅಪರಿಚಿತ ಅಜ್ಜಿಯ ಮಂಡಿನೋವನ್ನು ವಿಚಾರಿಸತೊಡಗಿದರು.

ದೋಸೆ ಗರಿಗರಿಯಾಗಿತ್ತು. ಮಗು ಪಲ್ಯದ ಆಲೂಗಡ್ಡೆಯನ್ನು ಮೂಗಿಗೂ ಹಚ್ಚಿಕೊಂಡಿತು. ಅಧ್ಯಕ್ಷರು, ಮುಂದಿನ ವರ್ಷ ತಾವು ಬಿಡುವುದಾಗಿಯೂ ಅಧ್ಯಕ್ಷತೆಯನ್ನು ಆಂಟಿ ವಹಿಸಿಕೊಳ್ಳಬೇಕೆಂದೂ ಹೇಳಿದರು.

"ನನಗೆ ಬೇಡಪ್ಪ," ಎಂದರು ಆಂಟಿ, ಚಟ್ನಿ ಬಡಿಸಿಕೊಳ್ಳುತ್ತಾ. "ನಾನು ಎದುರಿನ ಕುರ್ಚಿಯಲ್ಲಿ ಕೂತ್ಕೊಳ್ತೇನೆ. ಅಲ್ಲಿಂದ ನಿಮ್ಮನ್ನೆಲ್ಲ ಕೇಳ್ಲಿಕ್ಕೆ ಸುಲಭ." ಆಮೇಲೆ ನನ್ನ ಕಡೆ ತಿರುಗಿ, ಇನ್ನೊಂದು ಕಾಫಿ ತರುತ್ತೀಯಾ, ಸಕ್ಕರೆ ಕಡಿಮೆ ಇರಲಿ ಎಂದರು. ನಾನು ಎದ್ದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ.